ಹಳೇ ಡೆಸ್ಕ್‌ಟಾಪ್, ಮಳೆಗಾಲದ ತೇವ, ಪಲ್ಪರ್ ಮೋಟಾರು: ಕೊಡಗಿನ ಒಂದು ತೋಟದ ಆಫೀಸಿನ ಪ್ರಕರಣ

ಸೋಮವಾರಪೇಟೆ ತಾಲ್ಲೂಕಿನ ಒಂದು ಕಾಫಿ ತೋಟದ ಆಫೀಸಿನಲ್ಲಿ 2014ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಒಂದಿದೆ. ಅಲ್ಲಿನ ರೈಟರ್, ಅಂದರೆ ಹಾಜರಿ ಮತ್ತು ಲೆಕ್ಕ ಬರೆಯುವ ಗುಮಾಸ್ತರು, ಬೆಳಿಗ್ಗೆ ಬಂದವರೇ ಮೊದಲು ಅದರ ಬಟನ್ ಒತ್ತಿ, ಆಮೇಲೆ ಮಸ್ಟರ್ ಕರೆಯಲು ಹೋಗುತ್ತಿದ್ದರು. ಹಾಜರಿ ಮುಗಿಸಿ ವಾಪಸ್ ಬರುವಷ್ಟರಲ್ಲಿ ಅದು ಹೇಗೋ ಎದ್ದು ಕೂತಿರುತ್ತಿತ್ತು. ಬಟವಾಡೆಯ ದಿನ ಮಾತ್ರ ಈ ಉಪಾಯ ನಡೆಯುತ್ತಿರಲಿಲ್ಲ. 62 ಜನರ ಕೂಲಿ ಪಟ್ಟಿ ತೆಗೆಯಲು ಅರ್ಧ ದಿನ, ಪ್ರಿಂಟ್ ಕೊಡಲು ಉಳಿದರ್ಧ.

2025ರ ಸೆಪ್ಟೆಂಬರ್ ಕೊನೆಗೆ, ಮಳೆ ಸ್ವಲ್ಪ ಬಿಟ್ಟ ಮೇಲೆ, ಇದನ್ನು ರಿಪೇರಿ ಮಾಡಿಸುವುದೋ ಎಸೆಯುವುದೋ ಎಂಬ ಚರ್ಚೆ ಶುರುವಾಯಿತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಯಂತ್ರ ಚೆನ್ನಾಗಿ ಓಡುತ್ತಿತ್ತು. ನಡುವಿನ ಮೂರು ತಿಂಗಳಲ್ಲಿ ಎರಡು ತಪ್ಪು ಖರೀದಿ, ಒಂದು ದೊಡ್ಡ ಅಪಾಯ, ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಮತ್ತೆ ತಲೆನೋವು. ತೋಟದ ಹೆಸರು, ಊರು, ಜನರ ಗುರುತು ಇಲ್ಲಿ ಬಿಟ್ಟಿದೆ. ಬಿಡಿಭಾಗ ಮತ್ತು ಅಳತೆಗಳನ್ನು ಬಿಟ್ಟಿಲ್ಲ.

ಯಂತ್ರ ಹೇಗಿತ್ತು

ಇಂಟೆಲ್ ಕೋರ್ ಐ3-4130 ಪ್ರೊಸೆಸರ್. ಎರಡು ಕೋರ್, ನಾಲ್ಕು ಥ್ರೆಡ್, 3.4 ಗಿಗಾಹರ್ಟ್ಸ್. ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್. 4 ಜಿಬಿಯ ಒಂದೇ ಒಂದು ಡಿಡಿಆರ್3 ರ‍್ಯಾಮ್ ಕಡ್ಡಿ. ನಿಮಿಷಕ್ಕೆ 7200 ಸುತ್ತಿನ 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10. ಜೊತೆಗೆ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಒಂದು ಸಣ್ಣ ಯುಪಿಎಸ್. ಕೆಲಸವೂ ದೊಡ್ಡದೇನಲ್ಲ: ಟ್ಯಾಲಿಯಲ್ಲಿ ಲೆಕ್ಕ, ಎಕ್ಸೆಲ್‌ನಲ್ಲಿ ಮಸ್ಟರ್, ನುಡಿಯಲ್ಲಿ ಟೈಪ್ ಮಾಡಿದ ಪತ್ರಗಳು, ಬ್ರೌಸರಿನಲ್ಲಿ ಜಿಎಸ್‌ಟಿ ಮತ್ತು ಬ್ಯಾಂಕು.

ಬಟನ್ ಒತ್ತಿದಲ್ಲಿಂದ ಡೆಸ್ಕ್‌ಟಾಪ್ ಮೇಲೆ ಕ್ಲಿಕ್ ಮಾಡಿದರೆ ಸ್ಪಂದಿಸುವವರೆಗೆ, ಮೊಬೈಲಿನ ಸ್ಟಾಪ್‌ವಾಚ್ ಪ್ರಕಾರ, 6 ನಿಮಿಷ 40 ಸೆಕೆಂಡು. ಟ್ಯಾಲಿ ಕಂಪನಿ ತೆರೆಯಲು 1 ನಿಮಿಷ 50 ಸೆಕೆಂಡು. ಈ ಎರಡು ಅಂಕಿ ಮೊದಲೇ ಬರೆದಿಟ್ಟುಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು. ಅಳತೆಯಿಲ್ಲದೆ ಹೋದರೆ ಏನು ಹಾಕಿದರೂ "ಸ್ವಲ್ಪ ಫಾಸ್ಟ್ ಆದ ಹಾಗಿದೆ" ಅನ್ನಿಸುತ್ತದೆ.

ಪೇಟೆಯ ಅಂಗಡಿಯ ಉತ್ತರ ನಿರೀಕ್ಷಿಸಿದ್ದೇ: "ಹನ್ನೊಂದು ವರ್ಷ ಆಯ್ತಲ್ಲ ಸಾರ್, ಇದಕ್ಕೆ ದುಡ್ಡು ಹಾಕ್ಬೇಡಿ, ಹೊಸದೇ ತಗೊಳಿ." ಈ ಸಲಹೆ ತಪ್ಪೆಂದಲ್ಲ. ಆದರೆ ಡಬ್ಬಿಯ ಪಕ್ಕದ ತಗಡು ಬಿಚ್ಚದೆ, ಡಿಸ್ಕಿನ ಸ್ಥಿತಿ ನೋಡದೆ ಕೊಟ್ಟ ಸಲಹೆ ಅದು.

ಮೊದಲು ರ‍್ಯಾಮ್, ಅದೂ ತಪ್ಪು ರ‍್ಯಾಮ್

ಕಂಪ್ಯೂಟರ್ ನಿಧಾನ ಎಂದರೆ ರ‍್ಯಾಮ್ ಹಾಕಿಸಿ ಅನ್ನುವುದು ವಾಡಿಕೆ. ರೈಟರ್ ಆನ್‌ಲೈನಿನಲ್ಲಿ 8 ಜಿಬಿಯ ಡಿಡಿಆರ್3 ಕಡ್ಡಿ ಒಂದನ್ನು ತರಿಸಿದರು. ಬೆಲೆ ಮಿಕ್ಕವುಗಳಿಗಿಂತ ಕಡಿಮೆ ಇತ್ತು. ಸ್ಲಾಟಿಗೆ ಸರಿಯಾಗಿ ಕೂತಿತು, ಕಚ್ಚು ಹೊಂದಿತು, ಆದರೆ ಪರದೆ ಮೇಲೆ ಏನೂ ಬರಲಿಲ್ಲ. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. ಹಳೆಯದನ್ನು ಹಾಕಿದರೆ ಮಾಮೂಲಿ. ಕಡ್ಡಿ ಕೆಟ್ಟಿದೆ ಎಂದು ಬದಲಿಸಿ ಇನ್ನೊಂದು ತರಿಸಿದರೂ ಅದೇ ಕಥೆ.

ಕಡ್ಡಿ ಕೆಟ್ಟಿರಲಿಲ್ಲ. ಮಾರಾಟದ ಪುಟದ ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಎಎಮ್‌ಡಿ ಬೋರ್ಡಿಗೆ ಮಾತ್ರ" ಎಂದು ಬರೆದಿತ್ತು. ಅಗ್ಗದ 8 ಜಿಬಿ ಡಿಡಿಆರ್3 ಕಡ್ಡಿಗಳಲ್ಲಿ ಇಂಥವು ಬಹಳ. ಸಾಮಾನ್ಯ ಡೆಸ್ಕ್‌ಟಾಪ್ ಕಡ್ಡಿಯಲ್ಲಿ ಒಂದೊಂದು ಚಿಪ್ಪಿನ ಅಗಲ 8 ಬಿಟ್. ಇವುಗಳಲ್ಲಿ 4 ಬಿಟ್ ಚಿಪ್ಪುಗಳನ್ನು ಹದಿನಾರು ಸೇರಿಸಿ 8 ಜಿಬಿ ಮಾಡಿರುತ್ತಾರೆ. ಆ ಜೋಡಣೆ ಇಂಟೆಲ್‌ನ ಡೆಸ್ಕ್‌ಟಾಪ್ ಮೆಮೊರಿ ಕಂಟ್ರೋಲರಿಗೆ ಅರ್ಥವಾಗುವುದಿಲ್ಲ. ಕೆಲವು ಎಎಮ್‌ಡಿ ಬೋರ್ಡುಗಳಿಗೆ ಆಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಎರಡನ್ನೂ ವಾಪಸ್ ಕಳಿಸಿ, ಮೈಸೂರಿನಿಂದ ಬೇರೆ ಕಂಪ್ಯೂಟರಿನಿಂದ ಬಿಚ್ಚಿದ 4 ಜಿಬಿ ಕಡ್ಡಿ ತರಿಸಿದ್ದು ಆಮೇಲೆ, 600 ರೂಪಾಯಿಗೆ. ಹಳೇ ಡಿಡಿಆರ್3 ವಿಷಯದಲ್ಲಿ ಸೆಕೆಂಡ್ ಹ್ಯಾಂಡ್ ಕಡ್ಡಿಯೇ ಎಷ್ಟೋ ವಾಸಿ. ಒಂದು ಇಂಟೆಲ್ ಯಂತ್ರದಲ್ಲಿ ವರ್ಷಗಟ್ಟಲೆ ಓಡಿ ಬಂದಿರುತ್ತದೆ. ಲೇಬಲ್ ಮೇಲೆ "ಪಿಸಿ3-12800ಯು" ಎಂದಿರಬೇಕು. ಕೊನೆಯ ಅಕ್ಷರ "ಯು" ಬದಲು "ಆರ್" ಇದ್ದರೆ ಅದು ಸರ್ವರಿನ ಕಡ್ಡಿ, ಇಲ್ಲಿ ನಡೆಯದು. "ಎಸ್" ಇದ್ದರೆ ಲ್ಯಾಪ್‌ಟಾಪಿನದು, ಕೂರುವುದೇ ಇಲ್ಲ.

ಈಗ ಒಟ್ಟು 8 ಜಿಬಿ. ಬೂಟ್ ಸಮಯ 6 ನಿಮಿಷ 10 ಸೆಕೆಂಡು. ಅಷ್ಟೆಲ್ಲ ಓಡಾಟಕ್ಕೆ ಉಳಿದದ್ದು ಮೂವತ್ತು ಸೆಕೆಂಡು.

ಹಸಿದದ್ದು ಯಾವ ಭಾಗ

ಇಲ್ಲಿಗೆ ಖರೀದಿ ನಿಲ್ಲಿಸಿ, ಕೆಲಸ ಗೊತ್ತಿದ್ದ ಒಬ್ಬ ಟೆಕ್ನಿಷಿಯನ್ನನ್ನು ಕರೆಸಿದರು. ಅವರು ಸ್ಕ್ರೂಡ್ರೈವರ್ ಹೊರಗೆ ತೆಗೆಯದೆ ಟಾಸ್ಕ್ ಮ್ಯಾನೇಜರ್ ತೆರೆದು ಹತ್ತು ನಿಮಿಷ ಸುಮ್ಮನೆ ನೋಡುತ್ತ ಕೂತರು. ಪ್ರೊಸೆಸರ್ ಬಳಕೆ ಶೇ 15 ದಾಟುತ್ತಿರಲಿಲ್ಲ. ಮೆಮೊರಿ ಅರ್ಧ ಖಾಲಿ. ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡಿತ್ತು. ಅಷ್ಟು ದುಡಿದು ಅದು ಓದುತ್ತಿದ್ದುದು ಸೆಕೆಂಡಿಗೆ 1 ಎಂಬಿಗಿಂತ ಸ್ವಲ್ಪ ಹೆಚ್ಚು. ಕೆಳಗಿನ "ಸರಾಸರಿ ಪ್ರತಿಕ್ರಿಯೆ ಸಮಯ" ಒಮ್ಮೊಮ್ಮೆ 1,800 ಮಿಲಿಸೆಕೆಂಡ್ ತೋರಿಸುತ್ತಿತ್ತು. ಆರೋಗ್ಯವಾಗಿರುವ ಹಾರ್ಡ್ ಡಿಸ್ಕಿಗೆ ಇದು ಹತ್ತಿಪ್ಪತ್ತರ ಆಸುಪಾಸಿನಲ್ಲಿರಬೇಕು.

ಹಾರ್ಡ್ ಡಿಸ್ಕ್ ಅಂದರೇ ನಿಧಾನ ಎನ್ನುವುದು ನಿಜ. ಚದುರಿದ ಸಣ್ಣ ಫೈಲುಗಳನ್ನು ಓದುವಾಗ ಒಳ್ಳೆಯ ಡಿಸ್ಕ್ ಕೂಡ ಸೆಕೆಂಡಿಗೆ 1 ಎಂಬಿ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಎರಡು ಸೆಕೆಂಡಿನ ಕಾಯುವಿಕೆ ಬರೀ ವಯಸ್ಸಿನದಲ್ಲ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದಾಗ ಹಳದಿ ಚೌಕ ಬಂತು. ಸಿ5 ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಇರುವ ಸೆಕ್ಟರುಗಳ ಲೆಕ್ಕದಲ್ಲಿ, 68 ಎಂದಿತ್ತು. ಈ ತಂತ್ರಾಂಶ ಅಂಕಿಗಳನ್ನು ಮೊದಲಿಗೆ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ನಮ್ಮ ಲೆಕ್ಕಕ್ಕೆ ಅದು 104. ಕೇಬಲ್ಲಿನಲ್ಲಾದ ತಪ್ಪು ಎಣಿಸುವ ಸಿ7 ಸಾಲು ಸೊನ್ನೆ, ಆದ್ದರಿಂದ ಕೇಬಲ್ಲಿನ ದೋಷವಲ್ಲ. ಡಿಸ್ಕಿನ ತಟ್ಟೆಯೇ ಸವೆಯುತ್ತಿತ್ತು.

ಪ್ರಕರಣದ ಮೊದಲ ತಿರುವು ಇದು. ಅಲ್ಲಿಯವರೆಗೆ ಪ್ರಶ್ನೆ ವೇಗದ್ದಾಗಿತ್ತು, ಈಗ ಹನ್ನೊಂದು ವರ್ಷದ ಲೆಕ್ಕ ಉಳಿಯುತ್ತದೆಯೇ ಎಂಬುದಾಯಿತು. ಬೇಸಿಗೆಯಲ್ಲೇ ಯಾರೋ, ಡಿಸ್ಕಿನ ದೋಷ ಹುಡುಕುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ "ಸರಿ ಮಾಡಿದ್ದರು" ಎಂಬುದೂ ಆಗ ಹೊರಬಂತು. ಸಾಯುತ್ತಿರುವ ಡಿಸ್ಕಿನ ಮೇಲೆ ಮೂಲೆಮೂಲೆ ಹುಡುಕುವ ಚೆಕ್‌ಡಿಸ್ಕ್ ಓಡಿಸುವುದು, ಕಾಲು ಮುರಿದ ಎತ್ತನ್ನು ಗಾಡಿಗೆ ಹೂಡಿ ಪರೀಕ್ಷೆ ಮಾಡಿದ ಹಾಗೆ. ಮೊದಲು ನಕಲು, ಆಮೇಲೆ ಮಿಕ್ಕದ್ದು.

ಡೇಟಾ ತೆಗೆದದ್ದು

ಮೊದಲ ಕೆಲಸ, ಎಲ್ಲಕ್ಕಿಂತ ಬೇಕಾದ 12 ಜಿಬಿ: ಟ್ಯಾಲಿಯ ಡೇಟಾ ಫೋಲ್ಡರ್, ಮಸ್ಟರ್ ಫೈಲುಗಳು, ಪತ್ರಗಳು. ಅವನ್ನು ಮಾಮೂಲಿಯಾಗಿ 1 ಟಿಬಿಯ ಹೊರ ಡಿಸ್ಕಿಗೆ ನಕಲು ಮಾಡಲಾಯಿತು. ಅದು ನಾಲ್ಕು ಗಂಟೆ ತೆಗೆದುಕೊಂಡಿತು.

ಆಮೇಲೆ ಇಡೀ ಡಿಸ್ಕನ್ನು, ತಿರುಗುವ ತಟ್ಟೆಯಿಲ್ಲದ ಚಿಪ್ಪಿನ ಡಿಸ್ಕಾದ ಎಸ್‌ಎಸ್‌ಡಿಗೆ ಕ್ಲೋನ್ ಮಾಡುವ ಯತ್ನ. ಇದ್ದದ್ದು ಇದ್ದ ಹಾಗೇ ಹೊಸ ಡಿಸ್ಕಿಗೆ ಬಂದರೆ ಏನೂ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲವಲ್ಲ. ಶೇ 61ರಲ್ಲಿ ಓದುವ ದೋಷ ಬಂದು ನಿಂತಿತು. ಮತ್ತೊಮ್ಮೆ ಮಾಡಿದರೂ ಅಲ್ಲಿಗೇ. ಕ್ಲೋನ್ ತಂತ್ರಾಂಶಗಳಲ್ಲಿ ಹಲವು, ಓದಲಾಗದ ಜಾಗ ಸಿಕ್ಕರೆ ಅಲ್ಲೇ ಹಟ ಹಿಡಿದು ಕೂರುತ್ತವೆ. ಅಷ್ಟೂ ಹೊತ್ತು ಡಿಸ್ಕಿನ ಹೆಡ್ ಕೆಟ್ಟ ಜಾಗದ ಮೇಲೇ ಆಡುತ್ತಿರುತ್ತದೆ.

ಮೂರನೇ ಸಲ ಅದನ್ನೇ ಮಾಡದೆ ದಾರಿ ಬದಲಿಸಿದ್ದು ಒಳ್ಳೆಯ ನಿರ್ಧಾರ. ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಗ್ನೂ ಡಿಡಿರೆಸ್ಕ್ಯೂ ಬಳಸಿದರು. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗವನ್ನು ಹಾರಿಸಿ ಮುಂದೆ ಹೋಗುತ್ತದೆ. ಕೊನೆಗೆ ಮಾತ್ರ ಬಿಟ್ಟ ಜಾಗಕ್ಕೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬ ಗುರುತನ್ನು ಮ್ಯಾಪ್ ಫೈಲ್ ಎಂಬ ಸಣ್ಣ ಫೈಲಿನಲ್ಲಿ ಇಡುತ್ತದೆ. ಕೊಡಗಿನಲ್ಲಿ ಈ ಮ್ಯಾಪ್ ಫೈಲಿನ ಬೆಲೆ ತಿಳಿಯುವುದು ಕರೆಂಟು ಹೋದಾಗ. ಇಲ್ಲಿಯೂ ಮೊದಲ ರಾತ್ರಿ ಎರಡೂವರೆಗೆ ಹೋಯಿತು. ಬೆಳಿಗ್ಗೆ ಅದೇ ಆಜ್ಞೆ ಮತ್ತೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯಿತು. ಮ್ಯಾಪ್ ಫೈಲನ್ನು ಪೆನ್ ಡ್ರೈವಿನ ಲೈವ್ ಲಿನಕ್ಸಿನೊಳಗೆ ಬಿಟ್ಟಿದ್ದರೆ ಅದು ಮೆಮೊರಿಯ ಜೊತೆ ಅಳಿಸಿಹೋಗುತ್ತಿತ್ತು. ಹೊರ ಡಿಸ್ಕಿನಲ್ಲಿಟ್ಟದ್ದರಿಂದ ಉಳಿಯಿತು. ಎರಡು ರಾತ್ರಿಯ ನಂತರ ಓದಲಾಗದೆ ಉಳಿದದ್ದು 1.3 ಎಂಬಿ ಮಾತ್ರ.

ಆ 1.3 ಎಂಬಿ ಎಲ್ಲಿ ಬಿದ್ದಿದೆ ಎಂಬುದು ಮುಖ್ಯ. ಬೇರೆ ಕಂಪ್ಯೂಟರಿನಲ್ಲಿ ಟ್ಯಾಲಿಯ ಡೇಟಾ ತೆರೆದು, ಮಾರ್ಚಿನಲ್ಲಿ ಪ್ರಿಂಟ್ ತೆಗೆದಿಟ್ಟಿದ್ದ ಟ್ರಯಲ್ ಬ್ಯಾಲೆನ್ಸಿಗೆ ಹೋಲಿಸಿದರು. ತಾಳೆಯಾಯಿತು. ಫೈಲ್ ತೆರೆಯಿತು ಅಂದ ಮಾತ್ರಕ್ಕೆ ಒಳಗಿನದು ಸರಿಯಿದೆ ಎಂದಲ್ಲ. ಒಂದು ಹಳೇ ಕಾಗದದ ಜೊತೆ ಹೋಲಿಸಿದರೇ ನಂಬಿಕೆ.

ಹೊಸ ಎಸ್‌ಎಸ್‌ಡಿಗೆ ಹಳೇ ವಿಂಡೋಸನ್ನು ಎತ್ತಿ ಹಾಕುವ ಆಸೆ ಇಲ್ಲಿಗೆ ಬಿಟ್ಟರು. ಯಾವ ಸಿಸ್ಟಮ್ ಫೈಲಿನಲ್ಲಿ ತೂತಿದೆ ಎಂದು ಹೇಳಲಾಗದ ವಿಂಡೋಸ್ ಮೇಲೆ ಲೆಕ್ಕ ಬರೆಯುವುದು ಬೇಡ. ಹೊಸದಾಗಿ ಇನ್‌ಸ್ಟಾಲ್, ಡೇಟಾ ಮಾತ್ರ ವಾಪಸ್.

ಅದಕ್ಕೆ ಮೊದಲು ಮಾಡಬೇಕಾದ ಎರಡು ಕೆಲಸಗಳಲ್ಲಿ ಒಂದು ನೆನಪಾಯಿತು, ಇನ್ನೊಂದು ಮರೆಯಿತು. ನೆನಪಾದದ್ದು ಟ್ಯಾಲಿ ಲೈಸೆನ್ಸ್. ಡಿಸ್ಕ್ ಬದಲಿಸುವ ಮುಂಚೆ ಹಳೇ ಸಿಸ್ಟಮ್ ಏಳುತ್ತಿರುವಾಗಲೇ ಅದನ್ನು ಸರೆಂಡರ್ ಮಾಡಿದರೆ ಹೊಸದರಲ್ಲಿ ಸಲೀಸಾಗಿ ಆಕ್ಟಿವೇಟ್ ಮಾಡಬಹುದು. ಮರೆತದ್ದು ನುಡಿ ಫಾಂಟುಗಳು. ಹಳೇ ಪತ್ರಗಳು ಯೂನಿಕೋಡಿನಲ್ಲಿರಲಿಲ್ಲ. ಹೊಸ ವಿಂಡೋಸಿನಲ್ಲಿ ತೆರೆದರೆ "ಕೂಲಿ ಮುಂಗಡ" ಎಂದಿದ್ದ ಜಾಗದಲ್ಲಿ ಮೇಲೆ ಚುಕ್ಕೆ, ಗೆರೆ ಹೊತ್ತ ಅರ್ಥವಿಲ್ಲದ ರೋಮನ್ ಅಕ್ಷರಗಳು. ರೈಟರ್ ಗಾಬರಿಯಾದರು, ಡೇಟಾ ಕೆಟ್ಟೇಹೋಯಿತು ಎಂದುಕೊಂಡರು. ಹಳೇ ಡಿಸ್ಕಿನ ನಕಲಿನೊಳಗೆ ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಿಂದ ಆ ಫಾಂಟುಗಳನ್ನು ತಂದು ಹಾಕಿದ ಮೇಲೆ ಎಲ್ಲ ಓದಬಂತು. ಕರ್ನಾಟಕದ ಯಾವ ಆಫೀಸಿನ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡುವುದಿದ್ದರೂ ಈ ಒಂದು ಫೋಲ್ಡರ್ ಎತ್ತಿಡುವುದು ಒಳ್ಳೆಯದು.

ಎಸ್‌ಎಸ್‌ಡಿ ಕೂರಿಸುವಾಗ

ತಂದದ್ದು 2.5 ಇಂಚಿನ, 500 ಜಿಬಿಯ, ಹಾರ್ಡ್ ಡಿಸ್ಕಿನ ಹಾಗೇ ಸಾಟಾ ಕೇಬಲ್ಲಿನಿಂದ ಸಿಕ್ಕಿಸುವ ಎಸ್‌ಎಸ್‌ಡಿ. ಅಂಗಡಿಯಲ್ಲಿ ತೋರಿಸಿದ, ಬೋರ್ಡಿಗೇ ಸಿಕ್ಕಿಸುವ ಎನ್‌ವಿಎಮ್‌ಇ ಹೆಚ್ಚು ವೇಗದ್ದು ನಿಜ, ಆದರೆ ಈ ಬೋರ್ಡಿನಲ್ಲಿ ಅದಕ್ಕೆ ಸ್ಲಾಟ್ ಇಲ್ಲ. ಅಡಾಪ್ಟರ್ ಕಾರ್ಡಿಗೆ ಹಾಕಿದರೂ ಬಹುತೇಕ ಎಚ್81 ಬಯೋಸ್‌ಗಳು (ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶ) ಅದರಿಂದ ಬೂಟ್ ಮಾಡುವುದಿಲ್ಲ.

ಡಬ್ಬಿಯಲ್ಲಿ 2.5 ಇಂಚಿನ ಜಾಗ ಇರಲಿಲ್ಲ. 3.5 ಇಂಚಿನ ಚೌಕಟ್ಟು ಒಂದನ್ನು ತಂದು ಅದರೊಳಗೆ ಬಿಗಿದರು. ಹಳೇ ಹಾರ್ಡ್ ಡಿಸ್ಕಿನ ಸ್ಕ್ರೂ ಎಸ್‌ಎಸ್‌ಡಿಗೆ ಆಗದು; ಅದರ ಮರೆ (ತಿರುಪಿನ ಗೆರೆ) ದಪ್ಪ. ಎಸ್‌ಎಸ್‌ಡಿಗೆ ಬೇಕಾದದ್ದು ಎಂ3, ಡಿವಿಡಿ ಡ್ರೈವಿಗೆ ಬಿಗಿಯುವಂಥದ್ದು. ದಪ್ಪದ್ದನ್ನು ಬಲವಂತ ಮಾಡಿದರೆ ಎಸ್‌ಎಸ್‌ಡಿಯ ಮರೆ ಹರಿಯುತ್ತದೆ.

ಪವರ್ ಕೇಬಲಿನ ವಿಷಯ. ಕಂಪ್ಯೂಟರಿಗೆ ವಿದ್ಯುತ್ತು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪಿನ್ ಒಂದು ಕಡಿಮೆ ಬಿತ್ತು. ಹಳೇ ನಾಲ್ಕು ಪಿನ್ನಿನ ಕನೆಕ್ಟರಿನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಕೇಳಿದರೆ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಎರಡು ಬಗೆ. ತಂತಿಯ ಮೇಲೆ ಪ್ಲಾಸ್ಟಿಕ್ ಸುರಿದು ಒಂದೇ ಮುದ್ದೆ ಮಾಡಿದ್ದು ಒಂದು. ಅದರೊಳಗೆ ತಂತಿಗಳು ಒಂದನ್ನೊಂದು ತಾಗಿ ಹೊತ್ತಿಕೊಂಡ ಉದಾಹರಣೆಗಳಿವೆ. ತಂತಿ ಬೇರೆ ಬೇರೆಯಾಗಿ ಒತ್ತಿ ಕೂರಿಸಿದ್ದು ಇನ್ನೊಂದು, ಅದು ಪರವಾಗಿಲ್ಲ. ಇಲ್ಲಿ ಯಾವುದನ್ನೂ ಕೊಳ್ಳದೆ ಡಿವಿಡಿ ಡ್ರೈವನ್ನೇ ಕಳಚಿ ಅದರ ಪಿನ್ ಕೊಟ್ಟರು. ತಟ್ಟೆ ಇಡುವ ಟ್ರೇ ಮೇಲೆ ಬೂಷ್ಟು ಬೆಳೆದ ಆ ಡ್ರೈವನ್ನು ಯಾರೂ ಎರಡು ವರ್ಷದಿಂದ ಮುಟ್ಟಿರಲಿಲ್ಲ.

ಇನ್‌ಸ್ಟಾಲ್ ಮಾಡುವಾಗ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಟ್ಟದ್ದು ಸರಿಯಾದ ಕ್ರಮ. ಎರಡೂ ಇದ್ದರೆ ವಿಂಡೋಸ್ ಕೆಲವೊಮ್ಮೆ ತನ್ನ ಬೂಟ್ ಭಾಗವನ್ನು ಹಳೇ ಡಿಸ್ಕಿನಲ್ಲೇ ಬರೆದುಬಿಡುತ್ತದೆ. ನಾಳೆ ಹಳೆಯದನ್ನು ತೆಗೆದ ದಿನ ಹೊಸದೂ ಏಳುವುದಿಲ್ಲ. ವಿಂಡೋಸಿನ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡದ್ದಾದ್ದರಿಂದ ಇಂಟರ್ನೆಟ್ ಸಿಕ್ಕೊಡನೆ ತಾನೇ ಆಕ್ಟಿವೇಟ್ ಆಯಿತು.

ಬೂಟ್ ಸಮಯ 34 ಸೆಕೆಂಡಿಗೆ ಇಳಿಯಿತು. ಟ್ಯಾಲಿ 6 ಸೆಕೆಂಡು. ಟೆಕ್ನಿಷಿಯನ್ ಮಾತ್ರ ವೇಗದ ಪರೀಕ್ಷೆ ನಡೆಸಿ ಹುಬ್ಬು ಗಂಟಿಕ್ಕಿದರು: ಸೆಕೆಂಡಿಗೆ 270 ಎಂಬಿ. ಈ ಎಸ್‌ಎಸ್‌ಡಿ 500ಕ್ಕಿಂತ ಮೇಲಿರಬೇಕು. ಎಚ್81ರಲ್ಲಿ ನಾಲ್ಕು ಸಾಟಾ ಪೋರ್ಟುಗಳಿದ್ದರೆ ಎರಡು 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ಕಳಚಿದ ಡಿವಿಡಿಯ ಕೇಬಲನ್ನೇ ಎಸ್‌ಎಸ್‌ಡಿಗೆ ಸಿಕ್ಕಿಸಿದ್ದರು, ಅದು ನಿಧಾನದ ಪೋರ್ಟಿನಿಂದ ಬಂದಿತ್ತು. ಬಣ್ಣ ನೋಡಿ ಊಹಿಸುವ ಬದಲು ಬೋರ್ಡಿನ ಮೇಲೆ ಪೋರ್ಟಿನ ಪಕ್ಕ ಅಚ್ಚಾದ ಹೆಸರು ಓದಿ ಬದಲಿಸಿದರೆ 530 ಬಂತು. ದಿನದ ಕೆಲಸದಲ್ಲಿ ಇದರಿಂದ ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟಿಲ್ಲ ಅನ್ನುವುದೂ ನಿಜ. ಬೂಟ್ ಸಮಯ 29 ಸೆಕೆಂಡಾಯಿತು, ಅಷ್ಟೇ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಸಿಗುವ ಲಾಭದ ಬಹುಪಾಲು ಚದುರಿದ ಸಣ್ಣ ಫೈಲುಗಳನ್ನು ಹುಡುಕುವುದರಲ್ಲಿದೆ, ಅದು ಯಾವ ಪೋರ್ಟಿನಲ್ಲೂ ಸಿಗುತ್ತದೆ.

ತೇವ ಮಾಡಿದ ಕೆಲಸ

ಎರಡನೇ ದಿನ ನೀಲಿ ಪರದೆ. ಮೂರನೇ ದಿನ ಎರಡು ಸಲ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದರೆ ಕೆಂಪು ಸಾಲುಗಳು. ಸೆಕೆಂಡ್ ಹ್ಯಾಂಡ್ ಕಡ್ಡಿಯ ಮೇಲೆ ಅನುಮಾನ ಹೋಗುವುದು ಸಹಜ. ಆದರೆ ಒಂದೊಂದೇ ಕಡ್ಡಿಯನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ನಾಲ್ಕು ಸಲ ಪರೀಕ್ಷಿಸಿದಾಗ ದೋಷ ಕಡ್ಡಿಯನ್ನು ಹಿಂಬಾಲಿಸಲಿಲ್ಲ. ಎರಡನೇ ಸ್ಲಾಟಿನಲ್ಲಿ ಯಾವುದನ್ನು ಹಾಕಿದರೂ ಬರುತ್ತಿತ್ತು. ಆ ಸ್ಲಾಟ್ ಹನ್ನೊಂದು ವರ್ಷ ಖಾಲಿಯಾಗಿ, ಬಾಯಿ ತೆರೆದುಕೊಂಡು, ಹನ್ನೊಂದು ಮಳೆಗಾಲ ಕಂಡಿತ್ತು. ಟಾರ್ಚ್ ಹಿಡಿದು ನೋಡಿದರೆ ಒಳಗಿನ ಪಿನ್ನುಗಳ ಮೇಲೆ ಮಂಕು ಪೊರೆ, ಒಂದು ತುದಿಯಲ್ಲಿ ಜೇಡನ ಬಲೆ.

ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಮೆತ್ತನೆ ಬ್ರಷ್ಷಿನಿಂದ ಸ್ಲಾಟ್ ಉಜ್ಜಿ, ಒಣಗಿಸಿ, ಒಂದು ಕಡ್ಡಿಯನ್ನು ಹತ್ತಿಪ್ಪತ್ತು ಸಲ ಹಾಕಿ ತೆಗೆದರು. ಕಡ್ಡಿಯ ಚಿನ್ನದ ಹಲ್ಲುಗಳಿಗೆ ಬಿಳಿ ರಬ್ಬರ್, ಆಮೇಲೆ ಅದೇ ಆಲ್ಕೊಹಾಲ್. ಪೆಟ್ರೋಲು, ಥಿನ್ನರ್ ಬೇಡ. ಮತ್ತೆ ಇಡೀ ರಾತ್ರಿ ಮೆಮ್‌ಟೆಸ್ಟ್: ಒಂದೂ ದೋಷವಿಲ್ಲ.

ಡಬ್ಬಿ ಬಿಚ್ಚಿದಾಗಲೇ ಇನ್ನೆರಡು ಕೆಲಸ ಆದವು. ಬೋರ್ಡಿನ ಗಡಿಯಾರ ಓಡಿಸುವ ಸಿಆರ್2032 ಬಿಲ್ಲೆ ಬ್ಯಾಟರಿ 3 ವೋಲ್ಟ್ ಇರಬೇಕಾದದ್ದು 2.1ಕ್ಕೆ ಇಳಿದಿತ್ತು. ಕರೆಂಟು ಹೋದಾಗಲೆಲ್ಲ ತಾರೀಕು 2013ಕ್ಕೆ ಹಿಂದೆ ಹೋಗಿ, ಬ್ಯಾಂಕಿನ ಪುಟ "ಸುರಕ್ಷಿತವಲ್ಲ" ಎಂದು ತೆರೆಯದೆ ನಿಲ್ಲುತ್ತಿದ್ದುದಕ್ಕೆ ಇದೇ ಕಾರಣ. ಆಫೀಸಿನಲ್ಲಿ ಎಲ್ಲರೂ ಇಂಟರ್ನೆಟ್ಟನ್ನು ಬೈಯುತ್ತಿದ್ದರು. ಬಿಲ್ಲೆ ಸತ್ತ ಬೋರ್ಡಿನಲ್ಲಿ ಬಯೋಸ್ ಸೆಟ್ಟಿಂಗುಗಳೂ ಅಳಿಸಿಹೋಗುತ್ತವೆ. ಕೆಲವು ಬೋರ್ಡುಗಳಲ್ಲಿ ಡಿಸ್ಕಿನ ಮೋಡ್ ಎಎಚ್‌ಸಿಐನಿಂದ ಐಡಿಇಗೆ ಮರಳಿ ವಿಂಡೋಸ್ ಏಳುವುದೇ ಇಲ್ಲ. ಆದ್ದರಿಂದ ನಲವತ್ತು ರೂಪಾಯಿಯ ಈ ಬಿಲ್ಲೆ ಬದಲಿಸುವ ಕೆಲಸ ವಿಂಡೋಸ್ ಹಾಕುವುದಕ್ಕೆ ಮುಂಚೆ ಆಗಬೇಕಿತ್ತು. ಇಲ್ಲಿ ತಡವಾಯಿತು, ಅದೃಷ್ಟಕ್ಕೆ ತೊಂದರೆಯಾಗಲಿಲ್ಲ.

ಇನ್ನೊಂದು, ಪ್ರೊಸೆಸರಿನ ಬಿಸಿಯನ್ನು ಫ್ಯಾನಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್. ಒಣಗಿದ ಸುಣ್ಣದ ಹಾಗಾಗಿತ್ತು. ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿ ಫ್ಯಾನ್ ಕೂರಿಸಿದರೆ ಉಷ್ಣಾಂಶ ಇಳಿಯುವ ಬದಲು 94 ಡಿಗ್ರಿಗೆ ಏರಿತು. ಇಂಟೆಲ್‌ನ ಮೂಲ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಪೂರ್ತಿ ಇಳಿದಿರಲಿಲ್ಲ. ಅವನ್ನು ಎದುರುಬದುರು ಮೂಲೆಯ ಜೋಡಿಯಾಗಿ ಒತ್ತಬೇಕು, ಪ್ರತಿಯೊಂದೂ "ಟಕ್" ಅನ್ನಬೇಕು, ಆಮೇಲೆ ಬೋರ್ಡಿನ ಹಿಂಭಾಗದಿಂದ ನಾಲ್ಕೂ ಕಾಲು ಹರಡಿವೆಯೇ ನೋಡಬೇಕು. ಸರಿಮಾಡಿದ ಮೇಲೆ ಕೆಲಸದ ನಡುವೆಯೂ 64 ಡಿಗ್ರಿ.

ಮಳೆಗಾಲದ ಅಭ್ಯಾಸವೊಂದನ್ನೂ ಬದಲಿಸಿದರು. ಆಟಿ ತಿಂಗಳಲ್ಲಿ ಕೆಲಸ ಕಡಿಮೆ ಎಂದು ಕಂಪ್ಯೂಟರನ್ನು ವಾರಗಟ್ಟಲೆ ಪ್ಲಾಸ್ಟಿಕ್ ಕವರ್ ಹಾಕಿ ಮುಚ್ಚಿಡುತ್ತಿದ್ದರು. ಪ್ಲಾಸ್ಟಿಕ್ ತೇವವನ್ನು ಹೊರಗಿಡುವುದಿಲ್ಲ, ಒಳಗಿನದನ್ನು ಹೊರಬಿಡುವುದೂ ಇಲ್ಲ. ದಿನಕ್ಕೆ ಒಂದು ಗಂಟೆ ಆನ್ ಮಾಡಿದರೆ ಅದರದ್ದೇ ಬಿಸಿ ಅದನ್ನು ಒಣಗಿಸುತ್ತದೆ. ಹೊದಿಸಲೇಬೇಕಿದ್ದರೆ ಹತ್ತಿ ಬಟ್ಟೆ, ಅದೂ ಆರಿದ ಮೇಲೆ.

ಪಲ್ಪರ್ ಶುರುವಾದ ವಾರ

ನವೆಂಬರ್ ಪೂರ್ತಿ ಯಂತ್ರ ತೊಂದರೆ ಕೊಡಲಿಲ್ಲ. ಹುತ್ತರಿ ಹಬ್ಬ ಕಳೆದು ಅರೇಬಿಕಾ ಕೊಯ್ಲು ಜೋರಾದ ಮೇಲೆ, ಸಂಜೆ ಹೊತ್ತು ತಾನಾಗಿ ರೀಸ್ಟಾರ್ಟ್ ಆಗತೊಡಗಿತು. ಒಂದೇ ವಾರದಲ್ಲಿ ಐದು ಸಲ. "ಹಳೇದಕ್ಕೆ ಎಷ್ಟು ತೇಪೆ ಹಾಕಿದ್ರೂ ಇಷ್ಟೇ" ಎಂಬ ಮಾತು ಮತ್ತೆ ಬಂತು. ಎಸ್‌ಎಂಪಿಎಸ್ ಬದಲಿಸಲು ತೀರ್ಮಾನವೂ ಆಗಿತ್ತು.

ಟೆಕ್ನಿಷಿಯನ್ ಎಸ್‌ಎಂಪಿಎಸ್ ತರುವ ಮೊದಲು ವಿಂಡೋಸಿನ ಘಟನೆಗಳ ದಾಖಲೆಯಾದ ಈವೆಂಟ್ ವ್ಯೂವರ್ ತೆರೆದರು. ಐದೂ ಸಲ ಕರ್ನಲ್-ಪವರ್ 41, ಬಗ್‌ಚೆಕ್ ಸಂಖ್ಯೆ 0. ಅಂದರೆ ವಿಂಡೋಸ್ ಕುಸಿದದ್ದಲ್ಲ, ವಿದ್ಯುತ್ತು ಇದ್ದಕ್ಕಿದ್ದ ಹಾಗೆ ನಿಂತದ್ದು. ಸಮಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು: 5.42, 5.50, 6.05, 5.38, 5.47. ರೈಟರ್ ಆ ಚೀಟಿ ನೋಡಿ, ಏನೂ ಮಾತಾಡದೆ, ಪಲ್ಪಿಂಗ್ ರಿಜಿಸ್ಟರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ದಾಖಲೆ, ತಂದು ಮೇಜಿನ ಮೇಲೆ ತೆರೆದಿಟ್ಟರು. ಹಣ್ಣು ಅಳೆದು ಮುಗಿದು ಮೋಟಾರ್ ಹಾಕಿದ ಹೊತ್ತು ಅವರದೇ ಕೈಬರಹದಲ್ಲಿತ್ತು: 5.40, 5.50, 6.05, 5.35, 5.45. ಐದು ನಿಮಿಷಕ್ಕೊಮ್ಮೆ ಪೂರ್ಣಾಂಕ ಮಾಡುವ ಅವರ ಅಭ್ಯಾಸ ಬಿಟ್ಟರೆ ಎರಡೂ ಒಂದೇ.

ಮೋಟಾರ್ ಹೊರಡುವ ಕ್ಷಣದಲ್ಲಿ ಅದರ ಮಾಮೂಲಿ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಮಲ್ಟಿಮೀಟರ್ ಹಿಡಿದು ಕಾದರೆ 212 ವೋಲ್ಟಿನ ಪ್ಲಗ್ಗು ಒಂದೆರಡು ಸೆಕೆಂಡಿಗೆ 150ರ ಹತ್ತಿರ ಕುಸಿಯುತ್ತಿತ್ತು. ಯುಪಿಎಸ್ ಇರುವುದು ಇದಕ್ಕೇ. ಅದರ ಬ್ಯಾಟರಿ ಅಳೆದರೆ 12.9 ವೋಲ್ಟ್, ನೋಡಲು ಚೆನ್ನಾಗಿಯೇ ಇದೆ. ಭಾರವಿಲ್ಲದೆ ಅಳೆದ ಬ್ಯಾಟರಿ ಯಾವತ್ತೂ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಯುಪಿಎಸ್‌ಗೆ 60 ವ್ಯಾಟಿನ ಬಲ್ಬ್ ಸಿಕ್ಕಿಸಿ ಮೇನ್ ತೆಗೆದರೆ ವೋಲ್ಟೇಜು 8ಕ್ಕೆ ಜಾರಿ, ಮೂರು ಸೆಕೆಂಡಿನಲ್ಲಿ ಎಲ್ಲ ಕತ್ತಲು. ನಾಲ್ಕು ವರ್ಷದ ಬ್ಯಾಟರಿ ಸತ್ತಿತ್ತು, ಯುಪಿಎಸ್‌ನ ಹಸಿರು ದೀಪ ಮಾತ್ರ ಉರಿಯುತ್ತಿತ್ತು.

12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಹೊಸದು, 950 ರೂಪಾಯಿ. ಜೊತೆಗೆ ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡ್ ಬಿಚ್ಚಿದಾಗ ನ್ಯೂಟ್ರಲ್ ತಂತಿಯ ಜಂಟಿ ಸಡಿಲವಾಗಿ ಸುಟ್ಟು ಕಪ್ಪಾಗಿತ್ತು. ಅದನ್ನು ಕತ್ತರಿಸಿ ಹೊಸದಾಗಿ ಬಿಗಿದ ಮೇಲೆ ಮೋಟಾರ್ ಹೊರಡುವಾಗಿನ ಕುಸಿತ 178ಕ್ಕೆ ನಿಂತಿತು. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದುದಕ್ಕೂ ಆಗಲೇ ಉತ್ತರ ಸಿಕ್ಕಿತು: ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದರು, ಅರ್ಥ್ ಇರಲೇ ಇಲ್ಲ. ಅರ್ಥ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಮೇನ್‌ನ ಅರ್ಧದಷ್ಟು ವೋಲ್ಟೇಜು ಡಬ್ಬಿಯ ಮೇಲೆ ತೇಲುತ್ತಿರುತ್ತದೆ.

ಹಳೇ ಡಿಸ್ಕ್ ಯಾಕೆ ಹಾಳಾಯಿತು ಎಂಬುದಕ್ಕೂ ಹೆಚ್ಚಿನ ಪಾಲು ಉತ್ತರ ಇಲ್ಲೇ ಇರಬಹುದು. ಬ್ಯಾಟರಿ ಸೋತ ಮೇಲೆ ಎಷ್ಟು ಸಂಜೆ ಅದು ಬರೆಯುತ್ತಿರುವಾಗಲೇ ಕರೆಂಟು ಕಳೆದುಕೊಂಡಿತೋ. ಈ ಬ್ಯಾಟರಿ ಬದಲಿಸದೆ ಹೋಗಿದ್ದರೆ ಎಸ್‌ಎಸ್‌ಡಿಯೂ ಅದೇ ದಾರಿ ಹಿಡಿಯಬಹುದಿತ್ತು. ವರ್ಷಕ್ಕೊಮ್ಮೆ, ಪಲ್ಪರ್ ಶುರುವಾಗುವ ಮುಂಚೆ, ಬಲ್ಬ್ ಸಿಕ್ಕಿಸಿ ಮೇನ್ ತೆಗೆದು ನೋಡುವುದನ್ನು ಈಗ ಮೋಟಾರಿನ ಸರ್ವೀಸ್ ಪಟ್ಟಿಯಲ್ಲೇ ಬರೆದಿದ್ದಾರೆ.

ಕೊಳ್ಳದೆ ಬಿಟ್ಟದ್ದು, ಇನ್ನೂ ಉಳಿದದ್ದು

ಇದೇ ಸಾಕೆಟ್ಟಿಗೆ ಕೂರುವ ನಾಲ್ಕು ಕೋರಿನ ಐ5-4570 ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ತೆಗೆದುಕೊಳ್ಳಲಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಶೇ 15 ಬಳಕೆಯಾಗುತ್ತಿದ್ದ ಪ್ರೊಸೆಸರನ್ನು ಬದಲಿಸಿ ಏನು ಸಾಧಿಸುವುದು? ಗ್ರಾಫಿಕ್ಸ್ ಕಾರ್ಡ್ ಹಾಕಿ ಎಂದ ಒಂದು ಸಲಹೆಗೆ ಯಾರೂ ಕಿವಿಗೊಡಲಿಲ್ಲ. ಎಸ್‌ಎಂಪಿಎಸ್‌ನ 12 ವೋಲ್ಟಿನ ಹಳದಿ ತಂತಿ ಕೆಲಸದ ನಡುವೆ 11.62 ತೋರಿಸುತ್ತಿತ್ತು. 11.4ರಿಂದ 12.6ರೊಳಗಿದ್ದರೆ ಸರಿ, ಆದ್ದರಿಂದ ಅದೂ ಉಳಿಯಿತು. ಆದರೆ ಅದು ಕೆಳಗಂಚಿಗೆ ಹತ್ತಿರದಲ್ಲಿದೆ, ಮುಂದಿನ ಖರ್ಚು ಅದೇ.

ಒಟ್ಟು ಖರ್ಚು, ಹೊರ ಡಿಸ್ಕ್ ಬಿಟ್ಟು, ಹೀಗಿತ್ತು: ಎಸ್‌ಎಸ್‌ಡಿ 3,100, ರ‍್ಯಾಮ್ 600, ಬ್ಯಾಟರಿ 950, ಪೇಸ್ಟ್, ಬಿಲ್ಲೆ, ಚೌಕಟ್ಟು, ಆಲ್ಕೊಹಾಲ್ ಸೇರಿ 560. 5,210 ರೂಪಾಯಿ. ಟೆಕ್ನಿಷಿಯನ್‌ನ ಕೂಲಿ ಮತ್ತು ಓಡಾಟ ಬೇರೆ.

ಹಣ ಹಾಕಿ ಸರಿಮಾಡಲಾಗದ್ದು ಒಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ರಿಪೇರಿಯ ನಡುವೆಯೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಕೋರ್ ಆದರೆ ಬಹುತೇಕ ಎಂಟನೇ ತಲೆಮಾರಿನಿಂದ ಮೇಲಿನದಾಗಿರಬೇಕು, ಇದು ನಾಲ್ಕನೆಯದು. ಅಡ್ಡದಾರಿಯಿಂದ ಹಾಕಲು ಬರುತ್ತದೆ, ಆದರೆ ಲೆಕ್ಕದ ಯಂತ್ರದ ಮೇಲೆ ಅಂಥ ಪ್ರಯೋಗ ಬೇಡ ಎಂದು ಬಿಟ್ಟರು. ಟ್ಯಾಲಿ ವಿಂಡೋಸಿನದಾದ್ದರಿಂದ ಲಿನಕ್ಸ್ ಕೂಡ ಆಗಲಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸಿದ್ದಾರೆ. ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಆ ಮಳೆಗಾಲ ಮುಗಿದ ಮೇಲೆ ಬ್ಯಾಂಕು ಮತ್ತು ಜಿಎಸ್‌ಟಿ ಕೆಲಸವನ್ನು ಬೇರೆ ಯಂತ್ರಕ್ಕೆ ಸಾಗಿಸಿ, ಇದನ್ನು ಇಂಟರ್ನೆಟ್ ಇಲ್ಲದೆ ಮಸ್ಟರಿಗೆ ಮಾತ್ರ ಇಟ್ಟುಕೊಳ್ಳುವ ಯೋಚನೆ ಇದೆ.

ಕೆಟ್ಟ ಹಾರ್ಡ್ ಡಿಸ್ಕನ್ನು ಎಸೆದಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಬಿಸ್ಕತ್ತಿನ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ, "ಓದಬೇಡಿ, ಆಡಿಟ್ ಮುಗಿಯುವವರೆಗೆ ಇರಲಿ" ಎಂಬ ಚೀಟಿ ಅಂಟಿಸಿಕೊಂಡು, ಬೀರುವಿನ ಮೇಲಿನ ಅಟ್ಟಣೆಯಲ್ಲಿದೆ.